ಹೂಬಿಟ್ಟ ಮರದ ಫೋಟೋ: ಮೊದಲು ಹಿನ್ನೆಲೆ ಹುಡುಕಿ, ಆಮೇಲೆ ಹೂವು

ಮರ ಪೂರ್ತಿ ಹೂವಾಗಿ ನಿಂತಿರುತ್ತದೆ, ನೋಡಲು ಎರಡು ಕಣ್ಣು ಸಾಲದು. ಫೋಟೋ ತೆಗೆದು ನೋಡಿದರೆ ಬಿಳಿಚಿಕೊಂಡ ಆಕಾಶದ ಮುಂದೆ ಒಂದಷ್ಟು ಮಸುಕು ಚುಕ್ಕೆಗಳು, ಮಧ್ಯೆ ಅಡ್ಡಲಾಗಿ ಒಂದು ಕರೆಂಟ್ ತಂತಿ. ಆಗ ಹೆಚ್ಚಿನವರು ಲೆನ್ಸನ್ನು ಬೈಯುತ್ತಾರೆ, ಇಲ್ಲವೇ ಹೊಸ ಕ್ಯಾಮೆರಾದ ರಿವ್ಯೂ ನೋಡಲು ಶುರು ಮಾಡುತ್ತಾರೆ. ಲೆನ್ಸ್ ಪಾಪ ಏನೂ ಮಾಡಿರುವುದಿಲ್ಲ. ಇಂಥ ಫೋಟೋಗಳನ್ನು ಬಹುಪಾಲು ಕೆಡಿಸುವುದು ಹೂವಿನ ಹಿಂದೆ ಇರುವ ಗಲಾಟೆ. ಈ ಟಿಪ್ಪಣಿಯಲ್ಲಿ ಎಕ್ಸ್‌ಪೋಷರ್ (ಫೋಟೋಗೆ ಎಷ್ಟು ಬೆಳಕು ಬಿತ್ತು ಅನ್ನುವುದು), ಗಾಳಿ, ಫೋಕಸ್ ಎಲ್ಲ ಬರುತ್ತದೆ. ಆದರೆ ಒಂದೇ ವಿಷಯ ತಲೆಯಲ್ಲಿ ಉಳಿಯಬೇಕು ಎಂದರೆ ಇದು ಉಳಿಯಲಿ: ಮೊದಲು ಒಳ್ಳೆಯ ಹಿನ್ನೆಲೆ ಹುಡುಕಿ, ಆಮೇಲೆ ಅದರ ಮುಂದೆ ಬರುವ ರೆಂಬೆ ಹುಡುಕಿ.

ಮರವೋ, ರೆಂಬೆಯೋ, ಹೂವೋ

ಇದನ್ನು ತೀರ್ಮಾನಿಸದೆ ಕ್ಯಾಮೆರಾ ಎತ್ತಿದರೆ ಮೂರೂ ಅರ್ಧಂಬರ್ಧ ಬರುತ್ತವೆ. ಇಡೀ ಮರ ಬೇಕಿದ್ದರೆ ದೂರ ಹೋಗಿ. ಬುಡ ಕಾಣಬೇಕು, ಸುತ್ತ ಸ್ವಲ್ಪ ಖಾಲಿ ಜಾಗ ಇರಬೇಕು. ಬುಡವನ್ನು ಕತ್ತರಿಸಿದರೆ ಮರ ಎಷ್ಟು ದೊಡ್ಡದು ಅನ್ನುವುದೇ ಗೊತ್ತಾಗುವುದಿಲ್ಲ. ಒಂದೇ ಹೂವು ಬೇಕಿದ್ದರೆ ಅದು ಬೇರೆ ಆಟ, ಮುಂದೆ ಬರುತ್ತೇನೆ. ಕಲಿಯಲು ಶುರು ಮಾಡುವವರಿಗೆ ರೆಂಬೆಯೇ ಸರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ರೆಂಬೆಗೆ ಒಂದು ಗೆರೆ ಇರುತ್ತದೆ, ಕಣ್ಣು ಆ ಗೆರೆ ಹಿಡಿದು ಹೋಗುತ್ತದೆ, ಹೂವಿನ ರಾಶಿಯಲ್ಲಿ ಕಳೆದುಹೋಗುವುದಿಲ್ಲ.

ಮ್ಯಾಗ್ನೋಲಿಯಾದ ಹಲವು ಜಾತಿ, ಚೆರ್ರಿ, ಬೂರುಗ, ಮುತ್ತುಗ ಇವೆಲ್ಲ ಸಾಮಾನ್ಯವಾಗಿ ಎಲೆ ಬರುವ ಮೊದಲೇ ಹೂಬಿಡುತ್ತವೆ. ಚೆರ್ರಿಯಲ್ಲಿ ಹೂವಿನ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ತಯಾರಾಗಿ ಚಳಿಗಾಲ ಪೂರ್ತಿ ಸುಮ್ಮನೆ ಕೂತಿರುತ್ತದೆ, ಹಾಗಾಗಿ ಬಿಸಿಲು ಏರುತ್ತಿದ್ದಂತೆ ಎಲೆಗೆ ಕಾಯದೆ ಅರಳುತ್ತದೆ. ಕೊಂಬೆಯ ಗೆರೆ ಸ್ವಚ್ಛವಾಗಿ ಕಾಣುವುದು ನಮಗೆ ಲಾಭ. ನಷ್ಟವೂ ಅಲ್ಲೇ ಇದೆ. ಎಲೆಯ ಮರೆ ಇಲ್ಲದ ಮರದ ಹಿಂದೆ ಏನಿದೆಯೋ ಎಲ್ಲ ತೂರಿಕೊಂಡು ಕಾಣುತ್ತದೆ: ಕಟ್ಟಡದ ಕಿಟಕಿ, ಬೋರ್ಡ್, ನಿಂತ ಕಾರು.

ಹಿನ್ನೆಲೆ

ತಿಳಿ ಬಣ್ಣದ ಹೂವಿಗೆ ಕಪ್ಪು ಹಿನ್ನೆಲೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಬಟ್ಟೆ ಹಿಡಿದು ನಿಲ್ಲಬೇಕಾಗಿಲ್ಲ. ನೆರಳಿನಲ್ಲಿರುವ ಗೋಡೆ, ದಟ್ಟ ಹಸಿರು ಮರ, ಬಿಸಿಲು ಬೀಳದ ಗುಡ್ಡದ ಬದಿ ಯಾವುದಾದರೂ ಆದೀತು. ಹೂವಿನ ಮೇಲೆ ಬಿಸಿಲು, ಹಿಂದೆ ನೆರಳು ಇರುವ ಹಾಗೆ ನಿಂತರೆ ಸಾಕು, ಎಸಳಿನ ಅಂಚು ತಾನಾಗಿ ಎದ್ದು ಕಾಣುತ್ತದೆ. ಇಲ್ಲಿ ಕ್ಯಾಮೆರಾಗಿಂತ ಕಾಲಿಗೆ ಜಾಸ್ತಿ ಕೆಲಸ. ಎರಡು ಹೆಜ್ಜೆ ಎಡಕ್ಕೆ ಹೋದರೆ ಹತ್ತಿರದ ರೆಂಬೆ ತುಂಬಾ ಸರಿಯುತ್ತದೆ, ದೂರದ ಗೋಡೆ ಅಷ್ಟು ಸರಿಯುವುದಿಲ್ಲ. ಅಂದರೆ ಅದೇ ರೆಂಬೆಯನ್ನು ಬೇರೆ ಹಿನ್ನೆಲೆಯ ಮುಂದೆ ತಂದು ನಿಲ್ಲಿಸಿದಂತಾಯಿತು. ಕುಕ್ಕರಗಾಲಲ್ಲಿ ಕೂತರೆ ಆಕಾಶ ಹಿಂದೆ ಬರುತ್ತದೆ, ಒಂದು ಮೆಟ್ಟಿಲು ಹತ್ತಿದರೆ ನೆಲ ಅಥವಾ ಹುಲ್ಲು ಹಿಂದೆ ಬರುತ್ತದೆ.

ಆಕಾಶವೇ ಹಿನ್ನೆಲೆ ಆಗಬೇಕಾದರೆ ಅದು ನೀಲಿ ಇರಲಿ, ಸೂರ್ಯ ನಿಮ್ಮ ಬೆನ್ನಿಗೆ ಅಥವಾ ಪಕ್ಕಕ್ಕೆ ಇರಲಿ. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಇದ್ದರೆ ಸೂರ್ಯನಿಂದ ಸುಮಾರು 90 ಡಿಗ್ರಿ ಪಕ್ಕದ ಆಕಾಶದಲ್ಲಿ ಅದರ ಪರಿಣಾಮ ಅತಿ ಹೆಚ್ಚು. ಎಸಳು, ಎಲೆಗಳ ಮೇಲಿನ ಹೊಳಪನ್ನೂ ಅದು ತೆಗೆಯುತ್ತದೆ. ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು), ವೈಡ್ ಲೆನ್ಸ್‌ಗೆ ಹಾಕಿದರೆ ಆಕಾಶದ ಒಂದು ಮೂಲೆ ಕಡುನೀಲಿ, ಇನ್ನೊಂದು ಮೂಲೆ ತಿಳಿನೀಲಿ ಆಗಿ ವಿಚಿತ್ರವಾಗಿ ಕಾಣುತ್ತದೆ. ಮೋಡ ಕವಿದ ಬಿಳಿ ಆಕಾಶದ ಮುಂದೆ ಬಿಳಿ ಹೂವು ಮಾತ್ರ ಬೇಡವೇ ಬೇಡ. ಅಂಥ ದಿನ ಮೇಲೆ ನೋಡಬೇಡಿ, ಕಣ್ಣಿನ ಮಟ್ಟದ ರೆಂಬೆಗಳನ್ನೇ ತೆಗೆಯಿರಿ.

ಇನ್ನೊಂದು ಉಪಾಯ ದೂರ. ರೆಂಬೆ ನಿಮ್ಮಿಂದ ಒಂದು ಮೀಟರ್, ಹಿನ್ನೆಲೆ ಹತ್ತು ಮೀಟರ್ ಇದ್ದರೆ ಹಿಂದಿನದು ಸುಲಭವಾಗಿ ಬ್ಲರ್ ಆಗುತ್ತದೆ. ರೆಂಬೆಗೆ ಅಂಟಿಕೊಂಡಂತೆ ಇನ್ನೊಂದು ರೆಂಬೆ ಇದ್ದರೆ ಯಾವ ದುಬಾರಿ ಲೆನ್ಸೂ ಅದನ್ನು ಪೂರ್ತಿ ಕರಗಿಸಲಾರದು. 100ರಿಂದ 200 ಮಿ.ಮೀ. ಲೆನ್ಸ್ ಹಿನ್ನೆಲೆಯ ಚಿಕ್ಕ ತುಂಡನ್ನಷ್ಟೇ ನೋಡುವುದರಿಂದ ಬೇಡದ್ದನ್ನು ಹೊರಗಿಡುವುದು ಸುಲಭ. 24 ಮಿ.ಮೀ.ನಲ್ಲಿ ಇಡೀ ಊರೇ ಒಳಗೆ ಬರುತ್ತದೆ. ಒಂದು ಎಚ್ಚರಿಕೆ: ಡಿಎಸ್ಎಲ್ಆರ್‌ನ ವ್ಯೂಫೈಂಡರ್‌ನಲ್ಲಿ ಕಾಣುವುದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಪೂರ್ತಿ ತೆರೆದಾಗಿನ ನೋಟ. ಕಿಂಡಿ ಚಿಕ್ಕದಾಗುವ ಎಫ್/8 ಇಟ್ಟು ಕ್ಲಿಕ್ ಮಾಡಿದರೆ ವ್ಯೂಫೈಂಡರ್‌ನಲ್ಲಿ ಮಸುಕಾಗಿದ್ದ ಕಡ್ಡಿಗಳೆಲ್ಲ ಫೋಟೋದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಎಷ್ಟು ಆಳ ಚೂಪಾಗಿ ಬರುತ್ತದೆ ಅಂತ ಮೊದಲೇ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಇರುವುದು ಇದಕ್ಕೇ. ಅದನ್ನು ಮುಟ್ಟದವರೇ ಜಾಸ್ತಿ, ಅಲ್ವಾ?

ಎಕ್ಸ್‌ಪೋಷರ್: ಒಂದೇ ಹೂವಿಗೆ ಎರಡು ಉಲ್ಟಾ ತಿದ್ದುಪಡಿ

ಕ್ಯಾಮೆರಾದ ಮೀಟರ್‌ಗೆ ಹೂವು, ಮರ ಏನೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ಸರಾಸರಿ ನಡು ಬೂದು ಬಣ್ಣ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18% ವಾಪಸ್ ಕಳಿಸುವ ವಸ್ತು ಅಂದುಕೊಂಡು ಲೆಕ್ಕ ಹಾಕುವುದು ಅದರ ಮೂಲ ರೀತಿ. ಫ್ರೇಮ್ ತುಂಬಾ ಬಿಳಿ ಹೂವು ಇದ್ದರೆ ಅದನ್ನೂ ಬೂದು ಮಾಡಲು ನೋಡುತ್ತದೆ. ಆಗ +0.7ರಿಂದ +1.3 ಸ್ಟಾಪ್‌ವರೆಗೆ ಎಕ್ಸ್‌ಪೋಷರ್ ಹೆಚ್ಚಿಸಬೇಕು. ಈಗ ಅದೇ ಬಿಳಿ ಹೂವು ಕಪ್ಪು ನೆರಳಿನ ಮುಂದೆ ಚಿಕ್ಕದಾಗಿ ಇದೆ ಅಂದುಕೊಳ್ಳಿ. ಮೀಟರ್ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹೂವು ಸುಣ್ಣ ಬಳಿದ ಹಾಗಾಗುತ್ತದೆ. ಆಗ -1ರ ಸುತ್ತಮುತ್ತ ಇಳಿಸಬೇಕು. ಹಾಗಾಗಿ ‘ಬಿಳಿ ಹೂವಿಗೆ ಪ್ಲಸ್’ ಅನ್ನುವ ಸೂತ್ರವನ್ನು ಕುರುಡಾಗಿ ಬಾಯಿಪಾಠ ಮಾಡಬೇಡಿ. ಫ್ರೇಮಿನಲ್ಲಿ ಯಾವುದು ಜಾಸ್ತಿ ಇದೆ ಅಂತ ನೋಡಿ ತೀರ್ಮಾನಿಸಿ.

ಕೆಂಪು, ಕಿತ್ತಳೆ ಹೂವಿನಲ್ಲಿ ಇದಕ್ಕಿಂತ ಕಳ್ಳ ಸಮಸ್ಯೆ ಇದೆ. ಮುತ್ತುಗವನ್ನೇ ಹತ್ತಿರದಿಂದ ನೋಡಿ. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಕಿತ್ತಳೆ ಎಸಳು, ಬುಡದಲ್ಲಿ ವೆಲ್ವೆಟ್‌ನಂಥ ಕಡುಗಂದು ಬಟ್ಟಲು, ಎಸಳಿನ ಮೇಲೆ ಸಣ್ಣ ರೇಷ್ಮೆ ರೋಮ. ಆ ಕಪ್ಪು ಬಟ್ಟಲಿನ ವಿವರ ಕಾಣಲಿ ಅಂತ ಬೆಳಕು ಹೆಚ್ಚಿಸಿದಿರೋ, ಎಸಳು ಒಂದು ಕಿತ್ತಳೆ ಪ್ಲಾಸ್ಟಿಕ್ ಚೂರಾಗುತ್ತದೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಚಾನೆಲ್‌ಗಳಾಗಿ ಅಳೆಯುತ್ತದೆ, ಇಲ್ಲಿ ಕೆಂಪು ಚಾನೆಲ್ ತನ್ನ ಗರಿಷ್ಠ ಮಟ್ಟ ಮುಟ್ಟಿಬಿಟ್ಟಿರುತ್ತದೆ. ಹಸಿರು ಮತ್ತು ನೀಲಿ ಕೆಳಗೇ ಇರುವುದರಿಂದ ಮೂರನ್ನೂ ಸೇರಿಸಿ ತೋರಿಸುವ ಮಾಮೂಲಿ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ನಕ್ಷೆ) ‘ಎಲ್ಲ ಸರಿ ಇದೆ’ ಅನ್ನುತ್ತದೆ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿ ಕೆಂಪನ್ನು ಬೇರೆಯಾಗಿ ನೋಡಿ, ಬಲ ಗೋಡೆಗೆ ಒತ್ತಿಕೊಂಡಿದ್ದರೆ ಇಳಿಸಿ. ಕಪ್ಪಾದ ಭಾಗವನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಆಮೇಲೆ ಎತ್ತಬಹುದು, ಪೂರ್ತಿ ಹೋದ ಎಸಳಿನ ನರಗಳು ಮಾತ್ರ ವಾಪಸ್ ಬರುವುದಿಲ್ಲ.

ಬೆಳಕಿನ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಎಸಳು ತೆಳ್ಳಗಿರುವುದರಿಂದ ಹಿಂದಿನಿಂದ ಬಿಸಿಲು ಬಿದ್ದರೆ ಒಳಗಿಂದಲೇ ಬೆಳಗಿದಂತೆ ಕಾಣುತ್ತದೆ. ಸೂರ್ಯನನ್ನು ಒಂದು ದಪ್ಪ ಕೊಂಬೆಯ ಹಿಂದೆ ಅಡಗಿಸಿದರೆ ಲೆನ್ಸ್‌ಗೆ ನೇರ ಬೆಳಕು ಬೀಳುವುದಿಲ್ಲ. ಮೋಡದ ದಿನ ಒಂಟಿ ಹೂವಿಗೆ ಒಳ್ಳೆಯದು, ಇಡೀ ಮರಕ್ಕೆ ಸಪ್ಪೆ.

ಗಾಳಿ

ಟ್ರೈಪಾಡ್ ಇದ್ದರೆ ಎಲ್ಲ ಸ್ಥಿರ ಅಂದುಕೊಳ್ಳುತ್ತೇವೆ. ಟ್ರೈಪಾಡ್ ಕ್ಯಾಮೆರಾವನ್ನು ಹಿಡಿದಿಡುತ್ತದೆ, ರೆಂಬೆಯನ್ನಲ್ಲ. ಸಣ್ಣ ಲೆಕ್ಕ ಮಾಡೋಣ. ರೆಂಬೆಯ ತುದಿ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಆಡುತ್ತಿದೆ, ಅಂದರೆ ಕಣ್ಣಿಗೆ ನಿಧಾನ ಅನಿಸುವ ತೂಗಾಟ. ಶಟರ್ 1/100 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಹೂವು 1 ಮಿ.ಮೀ. ಸರಿದಿರುತ್ತದೆ. ನಿಮ್ಮ ಫ್ರೇಮಿನ ಅಗಲಕ್ಕೆ 36 ಸೆಂ.ಮೀ. ರೆಂಬೆ ಹಿಡಿಸಿದೆ, ಫೋಟೋ 6000 ಪಿಕ್ಸೆಲ್ ಅಗಲ ಇದೆ ಎಂದರೆ ಒಂದು ಪಿಕ್ಸೆಲ್‌ಗೆ 0.06 ಮಿ.ಮೀ. ಅಂದರೆ ಹೂವು ಸುಮಾರು 17 ಪಿಕ್ಸೆಲ್ ಉದ್ದಕ್ಕೆ ಸವರಿಕೊಂಡಿದೆ. 1/1000ಕ್ಕೆ ಹೋದರೆ ಎರಡು ಪಿಕ್ಸೆಲ್‌ಗಿಂತ ಕಡಿಮೆ. ಅಷ್ಟು ಬೇಗ ಶಟರ್ ಮುಚ್ಚಿದರೆ ಬೆಳಕು ಕಡಿಮೆ, ಅದಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ಅಥವಾ 1600 ಆದರೆ ಆಗಲಿ ಬಿಡಿ. ಸ್ವಲ್ಪ ನಾಯ್ಸ್ (ಮರಳಿನಂಥ ಕಣಗಳು) ಇರುವ ಚೂಪಾದ ಫೋಟೋವನ್ನು ಸರಿಪಡಿಸಬಹುದು, ಅಲುಗಿದ ಫೋಟೋವನ್ನು ಏನೂ ಮಾಡಲಾಗದು.

ಜೊತೆಗೆ ಎರಡು ವಿಷಯ ನೋಡಿಕೊಳ್ಳಿ. ರೆಂಬೆ ತೂಗಿ ವಾಪಸ್ ತಿರುಗುವ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಬಟನ್ ಒತ್ತಬೇಕಾದ್ದು ಆಗ. ಇನ್ನು, ನೆಲ ಬಿಸಿಯಾಗುವ ಮೊದಲು ಬೆಳಗಿನ ಗಾಳಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬಿಸಿಲೇರಿದಂತೆ ಮೇಲಿನ ಗಾಳಿ ಕೆಳಗಿನದರ ಜೊತೆ ಬೆರೆತು ತೂಗಾಟ ಶುರುವಾಗುತ್ತದೆ. ಬೇಗ ಏಳಿ ಅಂತ ಎಲ್ಲರೂ ಹೇಳುವುದು ಬಣ್ಣದ ಬೆಳಕಿಗೆ ಅಂದುಕೊಂಡಿದ್ದರೆ, ಹೂವಿನ ವಿಷಯದಲ್ಲಿ ಗಾಳಿಯೂ ಅಷ್ಟೇ ದೊಡ್ಡ ಕಾರಣ.

ಫೋಕಸ್ ಎಷ್ಟು ದಪ್ಪ?

ಅದೇ 36 ಸೆಂ.ಮೀ. ಅಗಲದ ರೆಂಬೆ, ಫುಲ್ ಫ್ರೇಮ್ (ಸುಮಾರು 36 ಮಿ.ಮೀ. ಅಗಲದ ಸೆನ್ಸರ್ ಇರುವ) ಕ್ಯಾಮೆರಾ. ಎಫ್/2.8ರಲ್ಲಿ ಚೂಪಾಗಿ ಬರುವ ಆಳ ಸುಮಾರು 2 ಸೆಂ.ಮೀ. ಮಾತ್ರ, ಎಫ್/8ರಲ್ಲಿ ಸುಮಾರು 5 ಸೆಂ.ಮೀ. ಮ್ಯಾಕ್ರೋ ಲೆನ್ಸಿನಲ್ಲಿ ಹೂವನ್ನು ಸೆನ್ಸರ್ ಮೇಲೆ ಅದರ ನಿಜ ಗಾತ್ರಕ್ಕೆ ತಂದರೆ ಎಫ್/8ರಲ್ಲೂ ಸಿಗುವುದು ಸುಮಾರು 1 ಮಿ.ಮೀ. ಹಾಗಾಗಿ ರೆಂಬೆ ನಿಮ್ಮ ಕಡೆಗೆ ಚಾಚಿದ್ದರೆ ಅದರಲ್ಲಿ ಒಂದೇ ಗೊಂಚಲು ಫೋಕಸ್ ಆಗುತ್ತದೆ. ಪಕ್ಕಕ್ಕೆ ಬಂದು ರೆಂಬೆ ಸೆನ್ಸರಿಗೆ ಸಮಾನಾಂತರವಾಗಿ ಬರುವ ಹಾಗೆ ನಿಂತರೆ ಅದೇ ಅಪರ್ಚರ್‌ನಲ್ಲಿ ಇಡೀ ರೆಂಬೆ ಸಿಗುತ್ತದೆ. ಎಫ್/22ಕ್ಕೆ ಓಡಬೇಡಿ, ಚಿಕ್ಕ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಫೋಟೋವೇ ಮೆದುವಾಗುತ್ತದೆ. ಒಂಟಿ ಹೂವಿನಲ್ಲಿ ಫೋಕಸ್ ಇಡಬೇಕಾದ್ದು ಕೇಸರದ ತುದಿಗೆ, ಪರಾಗ ಕಾಣುವ ಜಾಗಕ್ಕೆ. ಎಸಳಿನ ಅಂಚು ಸ್ವಲ್ಪ ಮಸುಕಾದರೂ ಯಾರಿಗೂ ಬೇಜಾರಾಗುವುದಿಲ್ಲ.

ಮೊಬೈಲ್‌ನಲ್ಲಿ ತೆಗೆಯುವವರು ಹೂವಿನ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ. ಪೋರ್ಟ್ರೇಟ್ ಮೋಡ್ ಬಗ್ಗೆ ನನಗೆ ನಂಬಿಕೆ ಕಡಿಮೆ. ಅದು ಅಂಚನ್ನು ಲೆಕ್ಕದಿಂದ ಊಹಿಸುತ್ತದೆ, ತೆಳ್ಳಗಿನ ತೊಟ್ಟು, ಕೇಸರಗಳನ್ನು ಅರ್ಧ ಕತ್ತರಿಸಿ ಬ್ಲರ್ ಮಾಡಿಬಿಡುತ್ತದೆ. ತುಂಬಾ ಹತ್ತಿರ ಹೋದಾಗ ಹಲವು ಫೋನ್‌ಗಳು ತಾವಾಗಿ ಅಲ್ಟ್ರಾವೈಡ್ ಕ್ಯಾಮೆರಾಗೆ ಬದಲಾಗುತ್ತವೆ, ಆಗ ಹಿನ್ನೆಲೆಯೆಲ್ಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ಸ್ವಲ್ಪ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಬಳಸಿ.

ಬಣ್ಣ

ನೆರಳಿನಲ್ಲಿರುವ ಹೂವಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಅಲ್ಲಿನ ಬಣ್ಣದ ತಾಪಮಾನ 7000 ಕೆಲ್ವಿನ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ (ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿ), ನೇರ ಬಿಸಿಲಿನದು ಸುಮಾರು 5500. ಬಿಸಿಲಿನ ಸೆಟ್ಟಿಂಗ್‌ನಲ್ಲೇ ನೆರಳಿನ ತಿಳಿಗುಲಾಬಿ ಚೆರ್ರಿಯನ್ನು ತೆಗೆದರೆ ನೇರಳೆಗೆ ತಿರುಗುತ್ತದೆ, ಬಿಳಿ ಮ್ಯಾಗ್ನೋಲಿಯಾ ನೀಲಿಯಾಗುತ್ತದೆ. ಎಡಿಟ್ ಮಾಡುವಾಗ ಗುಲಾಬಿ ಜಾಸ್ತಿ ಬರಲಿ ಅಂತ ಸ್ಯಾಚುರೇಷನ್ ಎಳೆಯುವ ಮೊದಲು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಸರಿ ಮಾಡಿ ನೋಡಿ, ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ.

ಯಾವಾಗ ಹೋಗಬೇಕು

ಚೆರ್ರಿಯಲ್ಲಿ ಮೊದಲ ಹೂವಿನಿಂದ ಪೂರ್ತಿ ಅರಳಲು ಸುಮಾರು ಒಂದು ವಾರ, ಆಮೇಲೆ ಒಂದು ವಾರದೊಳಗೆ ಉದುರಲು ಶುರು, ನಡುವೆ ಜೋರು ಮಳೆ ಬಂದರೆ ಒಂದೇ ದಿನಕ್ಕೆ ಮುಗಿಯಿತು. ಎಲ್ಲರೂ ಪೂರ್ತಿ ಅರಳಿದ ದಿನಕ್ಕೆ ಕಾಯುತ್ತಾರೆ. ಹತ್ತಿರದ ಫೋಟೋಗೆ ಅದಕ್ಕಿಂತ ಮುಕ್ಕಾಲು ಅರಳಿದ ಮರವೇ ಮೇಲು. ಕಡುಗುಲಾಬಿ ಮೊಗ್ಗು, ಅರ್ಧ ಬಿರಿದದ್ದು, ಅರಳಿದ್ದು ಒಂದೇ ಗೊಂಚಲಿನಲ್ಲಿ ಸಿಗುತ್ತವೆ, ಬಾಡಿದ ಎಸಳು ಇರುವುದಿಲ್ಲ. ಜಕರಂಡದಂಥ ಮರದಲ್ಲಿ ಉದುರಿದ ಮೇಲೂ ಕೆಲಸ ಇದೆ: ಯಾರೂ ತುಳಿಯುವ ಮೊದಲು ಹೋಗಿ, ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟರೆ ಚದುರಿದ ಹೂವು ಒತ್ತಾಗಿ ಹಾಸಿದಂತೆ ಕಾಣುತ್ತದೆ.

ಹೆಸರು ಗೊತ್ತಿಲ್ಲದ ಮರವಾದರೆ ಚಂದದ ಫೋಟೋ ಜೊತೆಗೆ ಗುರುತಿಗೆ ಅಂತ ಬೇರೆ ಫೋಟೋ ತೆಗೆದಿಡಿ: ಹೂವಿನ ಮುಖ, ತೊಟ್ಟು ರೆಂಬೆಗೆ ಸೇರುವ ಜಾಗ, ತೊಗಟೆ. ಚೆರ್ರಿ ಮತ್ತು ಪ್ಲಮ್ ದೂರದಿಂದ ಒಂದೇ ಥರ ಕಾಣುತ್ತವೆ. ಸಾಮಾನ್ಯವಾಗಿ ಚೆರ್ರಿಯ ಎಸಳಿನ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಉದ್ದ ತೊಟ್ಟಿನ ಹಲವು ಹೂವು ಒಂದೇ ಮೊಗ್ಗಿನಿಂದ ಹೊರಡುತ್ತವೆ. ಪ್ಲಮ್‌ನ ಎಸಳಿನ ತುದಿ ದುಂಡಗಿರುತ್ತದೆ. ತೊಗಟೆಯಲ್ಲಿ ಅಡ್ಡಡ್ಡ ಗೆರೆಗಳಿದ್ದರೆ ಅದೂ ಚೆರ್ರಿಯ ಗುರುತೇ, ಹೂವು ಉದುರಿ ಹೋದ ಮೇಲೂ ನೋಡಬಹುದು.