ಒಂದೇ ಪಕ್ಷದ ಇಬ್ಬರಿಗೂ 73 ಮತ: ಈ ಎಡವಟ್ಟು ಹೇಗಾಯಿತು?

ಪ್ರಶ್ನೆ: 1800ರ ಅಮೆರಿಕದ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಬರ್ ಇಬ್ಬರಿಗೂ ಸಮ ಮತ ಬಂತಂತೆ. ಇಬ್ಬರೂ ಒಂದೇ ಪಕ್ಷದವರು ಅಲ್ವಾ? ಮತ್ತೆ ಜಗಳ ಯಾಕೆ ಬಂತು?

ಉತ್ತರ: ಹೌದು, ಇಬ್ಬರೂ ಆಗಿನ ರಿಪಬ್ಲಿಕನ್ನರೇ. (ಈಗಿನ ರಿಪಬ್ಲಿಕನ್ ಪಕ್ಷ ಬೇರೆ, ಅದು ಹುಟ್ಟಿದ್ದು 1854ರಲ್ಲಿ.) ಎಡವಟ್ಟು ಇದ್ದದ್ದು ನಿಯಮದಲ್ಲಿ.

ಆಗ ಪ್ರತಿಯೊಬ್ಬ ಎಲೆಕ್ಟರ್ (ಅಧ್ಯಕ್ಷರನ್ನು ಆರಿಸಲು ರಾಜ್ಯದ ಪರವಾಗಿ ಮತ ಹಾಕುವ ಪ್ರತಿನಿಧಿ) ಎರಡು ಮತ ಹಾಕಬೇಕಿತ್ತು. ಇದು ಅಧ್ಯಕ್ಷರಿಗೆ, ಇದು ಉಪಾಧ್ಯಕ್ಷರಿಗೆ ಎಂದು ಬರೆಯುವ ಹಾಗಿರಲಿಲ್ಲ. ಜಾಸ್ತಿ ಮತ ಬಂದವರು ಅಧ್ಯಕ್ಷರು, ನಂತರದವರು ಉಪಾಧ್ಯಕ್ಷರು. ಪಕ್ಷದ ಮನಸ್ಸಿನಲ್ಲಿ ಇದ್ದದ್ದು ಜೆಫರ್ಸನ್ ಅಧ್ಯಕ್ಷ, ಬರ್ ಉಪಾಧ್ಯಕ್ಷ ಎಂದು. ಅವರ ಕಡೆಯ ಒಬ್ಬ ಎಲೆಕ್ಟರ್ ಬರ್ ಅವರನ್ನು ಬಿಟ್ಟು ಬೇರೆಯವರಿಗೆ ಮತ ಹಾಕಿದ್ದರೆ ಸಾಕಿತ್ತು. ಯಾರೂ ಹಾಕಲಿಲ್ಲ. 73, 73! ತಮಾಷೆ ಎಂದರೆ, ಸೋತ ಎದುರಾಳಿ ಪಕ್ಷದವರು, ಅಂದರೆ ಫೆಡರಲಿಸ್ಟರು, ಈ ಲೆಕ್ಕ ಸರಿಯಾಗಿ ಇಟ್ಟುಕೊಂಡಿದ್ದರು. ಆಗಿನ ಅಧ್ಯಕ್ಷ ಜಾನ್ ಆಡಮ್ಸ್ ಅವರಿಗೆ 65, ಜೊತೆಗಾರ ಪಿಂಕ್ನಿ ಅವರಿಗೆ 64.

ದಕ್ಷಿಣದ ರಾಜ್ಯಗಳಿಗೆ ಎಲೆಕ್ಟರ್‌ಗಳು ಜಾಸ್ತಿ ಇದ್ದದ್ದು ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಜನಸಂಖ್ಯೆಗೆ ಸೇರಿಸಿದ್ದರಿಂದ. ಆ ಗುಲಾಮರಿಗೆ ಮಾತ್ರ ಮತವಿರಲಿಲ್ಲ. ಇದರ ಲಾಭ ಸಿಕ್ಕಿದ್ದು ಜೆಫರ್ಸನ್ ಅವರಿಗೆ.

ಸಮ ಆದಾಗ ತೀರ್ಮಾನ ಪ್ರತಿನಿಧಿ ಸಭೆಯದ್ದು (ಅಮೆರಿಕದ ಸಂಸತ್ತಿನ ಕೆಳಮನೆ). ರಾಜ್ಯಕ್ಕೆ ಒಂದೇ ಮತ, 16 ರಾಜ್ಯ, ಗೆಲ್ಲಲು 9 ಬೇಕು. ಸಭೆಯಲ್ಲಿ ಇನ್ನೂ ಹಳೆಯ ಸದಸ್ಯರೇ ಕೂತಿದ್ದರು, ಹೆಚ್ಚಿನವರು ಫೆಡರಲಿಸ್ಟರು. ಜೆಫರ್ಸನ್ ಬೇಡವೇ ಬೇಡ ಎಂದು ಅವರಲ್ಲಿ ಬಹಳ ಜನ ಬರ್ ಕಡೆ ವಾಲಿದರು. ಬರ್ ಸುಮ್ಮನಿದ್ದುಬಿಟ್ಟರು.

1801ರ ಫೆಬ್ರುವರಿ 11ರಂದು ಮತದಾನ ಶುರುವಾಯಿತು. ಜೆಫರ್ಸನ್ 8, ಬರ್ 6, ವರ್ಮಾಂಟ್ ಮತ್ತು ಮೇರಿಲ್ಯಾಂಡ್ ಸದಸ್ಯರು ಒಳಗೊಳಗೇ ಅರ್ಧರ್ಧ, ಹಾಗಾಗಿ ಆ ಎರಡು ರಾಜ್ಯದ ಮತ ಯಾರಿಗೂ ಇಲ್ಲ. ಮತ್ತೆ ಮತ, ಮತ್ತೆ ಅದೇ ಫಲಿತಾಂಶ. ಮೇರಿಲ್ಯಾಂಡ್‌ನ ಜೋಸೆಫ್ ನಿಕೋಲ್ಸನ್ ಜ್ವರದಲ್ಲಿ ಬೇಯುತ್ತಿದ್ದರು. ಅವರನ್ನು ಹಿಮದಲ್ಲೇ ಹೊತ್ತು ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು, ಅಲ್ಲಿಂದಲೇ ಮತ ಹಾಕಿದರು. ಅವರೊಬ್ಬರು ಬರದಿದ್ದರೆ ಮೇರಿಲ್ಯಾಂಡ್ ಬರ್ ಪಾಲಾಗುತ್ತಿತ್ತು. ಹೊರಗೆ ವರ್ಜೀನಿಯ, ಪೆನ್ಸಿಲ್ವೇನಿಯ ಕಡೆ ಸೇನೆ ಕರೆಯುವ ಮಾತೂ ಎದ್ದಿತ್ತು.

35 ಸುತ್ತು ಹೀಗೇ ಹೋಯಿತು. ಕೊನೆಗೆ ಸಡಿಲವಾದವರು ಡೆಲವೇರ್‌ನ ಏಕೈಕ ಸದಸ್ಯ, ಫೆಡರಲಿಸ್ಟ್ ಜೇಮ್ಸ್ ಬೇಯರ್ಡ್. ಅವರ ರಾಜ್ಯದ ಮತ ಅವರೊಬ್ಬರ ಕೈಲಿತ್ತು. ಫೆಬ್ರುವರಿ 17ರಂದು, 36ನೇ ಸುತ್ತಿನಲ್ಲಿ, ಅವರು ಖಾಲಿ ಚೀಟಿ ಹಾಕಿದರು. ವರ್ಮಾಂಟ್, ಮೇರಿಲ್ಯಾಂಡ್‌ನ ಫೆಡರಲಿಸ್ಟರೂ ಹಿಂದೆ ಸರಿದರು. ಜೆಫರ್ಸನ್ 10, ಬರ್ 4. ಗಮನಿಸಿ, ಬೇಯರ್ಡ್ ಜೆಫರ್ಸನ್‌ಗೆ ಮತ ಹಾಕಲೇ ಇಲ್ಲ, ದಾರಿ ಬಿಟ್ಟರು ಅಷ್ಟೇ.

ಮಾರ್ಚ್ 4ರ ಬೆಳಗಿನ ಜಾವ 4 ಗಂಟೆಗೆ ಆಡಮ್ಸ್ ಗಾಡಿ ಹತ್ತಿ ವಾಷಿಂಗ್ಟನ್ ಬಿಟ್ಟರು, ಪ್ರಮಾಣವಚನಕ್ಕೆ ನಿಲ್ಲಲಿಲ್ಲ. ಮುನಿಸಿತ್ತು, ಆದರೆ ಕುರ್ಚಿ ಬಿಡಲು ತಕರಾರು ಮಾಡಲಿಲ್ಲ. ನನಗೆ ಆಡಮ್ಸ್ ಇಷ್ಟವಾಗುವುದು ಇಲ್ಲೇ. ಜೆಫರ್ಸನ್ ಪ್ರಮಾಣವಚನಕ್ಕೆ ತಾವು ತಂಗಿದ್ದ ಮನೆಯಿಂದ ನಡೆದೇ ಹೋದರು.

ನಿಯಮ ಸರಿಹೋಗಿದ್ದು 1804ರಲ್ಲಿ. 12ನೇ ತಿದ್ದುಪಡಿ ಬಂದ ಮೇಲೆ ಎರಡು ಹುದ್ದೆಗೆ ಬೇರೆ ಬೇರೆ ಮತ. ಆ ವರ್ಷದ ಚುನಾವಣೆಗೆ ಪಕ್ಷ ಉಪಾಧ್ಯಕ್ಷ ಸ್ಥಾನಕ್ಕೆ ಬರ್ ಅವರನ್ನು ಬಿಟ್ಟು ಜಾರ್ಜ್ ಕ್ಲಿಂಟನ್ ಅವರನ್ನು ನಿಲ್ಲಿಸಿತು.