ಬೋಲ್ಟ್ ಬಿಚ್ಚಿದರೂ ಬಾರದ ಡೀಸೆಲ್ ಫಿಲ್ಟರ್ ಬೌಲ್

ಪ್ರಶ್ನೆ: ತಂದೆಯವರ ಕಾಲದ ಡೀಸೆಲ್ ಅಂಬಾಸಿಡರ್ ಕೆಲವು ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿತ್ತು. ಈಗ ಓಡಿಸೋಣವೆಂದು ಫಿಲ್ಟರ್ ಬದಲಿಸಲು ಹೊರಟೆ. ಮೇಲಿನ ಬೋಲ್ಟ್ ಸಡಿಲವಾಯಿತು, ಕೆಳಗಿನ ಬೌಲ್ ಮಾತ್ರ ಅಲ್ಲಾಡುತ್ತಿಲ್ಲ. ಸುತ್ತಿಗೆಯಿಂದ ಹೊಡೆಯಬಹುದೇ?
– ಶಿರಾದ ಓದುಗರೊಬ್ಬರು

ಉತ್ತರ: ಹೊಡೆಯಬಹುದು, ಆದರೆ ಬೌಲ್‌ಗೆ ಅಲ್ಲ.

ನೀವು ಹೇಳಿದ ಬಗೆಯ ಫಿಲ್ಟರ್‌ನಲ್ಲಿ ಅಲ್ಯೂಮಿನಿಯಂ ತಲೆಭಾಗವು ಎಂಜಿನ್ ಪಕ್ಕದಲ್ಲಿ ಸ್ಥಿರವಾಗಿರುತ್ತದೆ. ಅದರ ಮೇಲಿನಿಂದ ಇಳಿದ ಒಂದೇ ಬೋಲ್ಟ್ ಬೌಲ್‌ನ ನಡುವಿನ ಮರೆಗೆ, ಅಂದರೆ ತಿರುಪಿನ ಸುರುಳಿಗೆ, ಸೇರಿ ಎರಡನ್ನೂ ಬಿಗಿದಿರುತ್ತದೆ. ಬೋಲ್ಟ್ ಸಡಿಲವಾದ ಮೇಲೂ ಬೌಲ್ ಬಾರದಿದ್ದರೆ ಅದನ್ನು ಹಿಡಿದಿರುವುದು ಮರೆಯಲ್ಲ, ತಲೆಭಾಗದ ತೋಡಿನಲ್ಲಿ ಕುಳಿತು ಗಟ್ಟಿಯಾಗಿ ಎರಡೂ ಬದಿಗೆ ಅಂಟಿಕೊಂಡ ರಬ್ಬರ್ ರಿಂಗ್. ಡೀಸೆಲ್‌ನಲ್ಲಿದ್ದ ನೀರಿನ ಅಂಶ ತಳಕ್ಕಿಳಿದು ಲೋಹವನ್ನೂ ತಿಂದಿದ್ದರೆ ಅಂಚಿನಲ್ಲಿ ಬಿಳಿಯ ಪುಡಿ ಕಾಣಿಸುತ್ತದೆ. ಆದ್ದರಿಂದ ನಿಮ್ಮ ಕೆಲಸವೆಂದರೆ ಅಂಟು ಬಿಡಿಸುವುದು.

ಮೊದಲು ಏರ್ ತೆಗೆಯುವ ಸ್ಕ್ರೂವನ್ನು ಸಡಿಲಿಸಿ. ಒಳಗೆ ಗಾಳಿ ಹೋಗದೆ ಬೌಲ್ ಕೆಳಗಿಳಿಯಲು ಹೊರಟರೆ ಒಳಗಿನ ಡೀಸೆಲೇ ಅದನ್ನು ಹಿಡಿದೆಳೆಯುತ್ತದೆ. ನಂತರ ನಡುವಿನ ಬೋಲ್ಟನ್ನು ಪೂರ್ತಿ ತೆಗೆಯದೆ, ಎರಡು ಮೂರು ಸುತ್ತು ಮಾತ್ರ ಬಿಚ್ಚಿ, ಅದರ ತಲೆಯ ಮೇಲೆ ಗಟ್ಟಿ ಮರದ ತುಂಡನ್ನಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೋಲ್ಟ್ ಬೌಲ್‌ನ ಮರೆಯಲ್ಲೇ ಇರುವುದರಿಂದ ಪೆಟ್ಟು ನೇರವಾಗಿ ಬೌಲ್‌ಗೆ ತಲುಪಿ ಅದನ್ನು ಕೆಳಕ್ಕೆ ನೂಕುತ್ತದೆ. ತಲೆಭಾಗಕ್ಕೆ ಪೆಟ್ಟು ಬೀಳುವುದಿಲ್ಲ, ಬೌಲ್ ಕಳಚಿದರೂ ಡೀಸೆಲ್ ಸಮೇತ ನೆಲಕ್ಕೆ ಬೀಳುವುದಿಲ್ಲ. ಬೋಲ್ಟಿಗೆ ಸರಿಯಾದ ಸ್ಪ್ಯಾನರ್ ಹಾಕಿ: ಈ ಗಾಡಿಯಲ್ಲಿ ಇಂಚಿನ ಅಳತೆಯ ಬೋಲ್ಟುಗಳು ಹೆಚ್ಚು, ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಹಾಕಿ ಬಲ ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ.

ತಟ್ಟಿದರೂ ಬಾರದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ತಲೆಭಾಗದ ಸುತ್ತ ಸುತ್ತಿ, ಆರಿದಾಗಲೆಲ್ಲ ಬದಲಿಸುತ್ತಿರಿ. ರಬ್ಬರ್ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ಬೌಲ್ ಉಕ್ಕಿನದಾಗಿದ್ದರೆ ಹಿಡಿತವೂ ಸಡಿಲವಾಗುತ್ತದೆ. ಆಗ ಬೌಲ್‌ಗೆ ಹಳೆಯ ಫ್ಯಾನ್ ಬೆಲ್ಟ್ ಸುತ್ತಿ ಹಿಡಿದು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೆಳಕ್ಕೆ ಎಳೆಯುವುದಕ್ಕಿಂತ ತಿರುಚುವುದರಿಂದ ಅಂಟು ಬೇಗ ಬಿಡುತ್ತದೆ.

ಬೆಂಕಿಯ ಗೊಡವೆ ಮಾತ್ರ ಬೇಡ. ಡೀಸೆಲ್ ಹೊತ್ತುವುದಿಲ್ಲವೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಡೀಸೆಲ್ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆಗೆ ಭಾರತೀಯ ಮಾನಕದಲ್ಲಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ಶಿರಾದ ತಗಡಿನ ಶೆಡ್ಡು ಅದನ್ನು ದಾಟಿರುತ್ತದೆ.

ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಎಲ್ಲರೂ ಮೊದಲು ಮಾಡುವ ಕೆಲಸ, ನನ್ನ ದೃಷ್ಟಿಯಲ್ಲಿ ಅದೇ ಅತ್ಯಂತ ಕೆಟ್ಟದ್ದು. ರಿಂಗ್ ಕೂರುವ ಅಂಚಿನಲ್ಲಿ ಉಗುರಿಗೆ ತಾಕುವಷ್ಟು ಗೀರು ಬಿದ್ದರೂ ಗಾಡಿ ಓಡುವಾಗ ಡೀಸೆಲ್ ಜಿನುಗುತ್ತದೆ, ನಿಂತಾಗ ಗಾಳಿ ಒಳಸೇರಿ ಬೆಳಿಗ್ಗೆ ಎಂಜಿನ್ ಹತ್ತುವುದಿಲ್ಲ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಒಡೆದ ತಲೆಭಾಗಕ್ಕೆ ಬದಲಿ ಹುಡುಕುವುದು ಸುಲಭವಲ್ಲ. ಯಾವುದಕ್ಕೂ ಬಗ್ಗದಿದ್ದರೆ ಪೈಪುಗಳನ್ನು ಬಿಚ್ಚಿ, ಬಾಯಿಗಳಿಗೆ ಶುಭ್ರ ಮುಚ್ಚಳ ಹಾಕಿ, ಫಿಲ್ಟರನ್ನು ಇಡಿಯಾಗಿ ಕಳಚಿ ತುಮಕೂರಿನ ಯಾವುದಾದರೂ ಲೇತ್ ಅಂಗಡಿಗೆ ಒಯ್ಯಿರಿ. ವೈಸ್‌ನಲ್ಲಿ ಮರದ ತುಂಡುಗಳ ನಡುವೆ ಹಿಡಿದರೆ ಅರ್ಧ ಕಷ್ಟ ಕಳೆಯುತ್ತದೆ.

ಬೌಲ್ ಬಂದ ಮೇಲೆ ತಲೆಭಾಗದ ತೋಡನ್ನು ಮರದ ಕಡ್ಡಿಯಿಂದ ಕೆರೆದು ನೋಡಿ. ಹಳೆಯ ರಿಂಗ್ ಬಹಳ ಸಲ ಅಲ್ಲೇ ಕಪ್ಪಗೆ ಲೋಹದಂತೆಯೇ ಕುಳಿತಿರುತ್ತದೆ, ಅದರ ಮೇಲೆ ಹೊಸದನ್ನು ಹಾಕಿದರೆ ಸೋರಿಕೆ ಖಂಡಿತ. ಹೊಸ ರಿಂಗಿಗೆ ಡೀಸೆಲ್ ಸವರಿ, ಬೋಲ್ಟಿನ ವಾಷರನ್ನೂ ಬದಲಿಸಿ ಹದವಾಗಿ ಬಿಗಿಯಿರಿ. ಏರ್ ಸ್ಕ್ರೂ ಸಡಿಲವಾಗಿರುವಾಗಲೇ ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪಿನ ಕೈಹಿಡಿಯನ್ನು ಆಡಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ ಹರಿದಾಗ ಸ್ಕ್ರೂ ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿ.