30 ಅಡಿ ಕಲ್ಲಿನ ಲೈಟ್‌ಹೌಸ್‌ಗೆ ಅಷ್ಟೊಂದು ಬೆಲೆ ಯಾಕೆ?

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರೋ ನಮ್ಮವರು ಬೇರ್ ಮೌಂಟನ್‌ಗೆ ಹೋಗ್ತಾ ಸ್ಟೋನಿ ಪಾಯಿಂಟ್ ದಾಟಿರ್ತೀರ, ಇಳಿದು ನೋಡಿದವರು ಮಾತ್ರ ಕಮ್ಮಿ. ಅಲ್ಲಿ ಹಡ್ಸನ್ ನದಿ ಪಕ್ಕದ ಗುಡ್ಡದ ಮೇಲೆ ಎಂಟು ಮೂಲೆಯ ಒಂದು ಕಲ್ಲಿನ ಲೈಟ್‌ಹೌಸ್ ಇದೆ. 1826ರದ್ದು, ಹಡ್ಸನ್ ನದಿಯಲ್ಲಿ ಉಳಿದಿರೋದ್ರಲ್ಲಿ ಎಲ್ಲಕ್ಕಿಂತ ಹಳೇದು, ಎತ್ತರ ಸುಮಾರು 30 ಅಡಿ ಅಷ್ಟೇ. ನಮ್ಮ ಕಾಪು ಲೈಟ್‌ಹೌಸ್ ಹತ್ತಿಳಿದವರಿಗೆ ‘ಇಷ್ಟೇನಾ’ ಅನ್ಸುತ್ತೆ. ಹಳೇ ಕಟ್ಟಡ ರಿಪೇರಿ ಮಾಡ್ಸೋದೇ ನನ್ನ ಕೆಲಸ ಆದ್ರಿಂದ ಈ ಪ್ರಶ್ನೆ ನಂಗೆ ಹೊಸದಲ್ಲ, ಇಷ್ಟು ಸಣ್ಣದಕ್ಕೆ ಇಷ್ಟು ಖರ್ಚು ಬೇಕಾ ಸಾರ್ ಅಂತಾರೆ.

ಗಿಡ್ಡ ಇರೋದಕ್ಕೆ ಕಾರಣ ಇದೆ, ಎತ್ತರದ ಕೆಲಸ ಗುಡ್ಡಾನೇ ಮಾಡಿಬಿಡುತ್ತೆ. ನದಿ ಲೈಟ್‌ಹೌಸ್ ಸಮುದ್ರದ್ದರ ಥರ ಅಷ್ಟು ದೂರಕ್ಕೆ ಕಾಣಬೇಕಿಲ್ಲ, ಇಲ್ಲಿ ನೆಲ ಚಾಚಿದೆ ಹುಷಾರು ಅಂತ ಹೇಳಿದ್ರೆ ಸಾಕು. 1825ರಲ್ಲಿ ಈರಿ ಕಾಲುವೆ ಶುರುವಾಗಿ ಒಳನಾಡಿನ ಸರಕೆಲ್ಲ ಈ ನದಿ ಹಿಡಿದು ನ್ಯೂಯಾರ್ಕ್‌ಗೆ ಇಳಿಯೋಕೆ ಶುರುವಾಯ್ತು, ಮುಂದಿನ ವರ್ಷಾನೇ ದೀಪ ಬಂತು. ಅದಕ್ಕೂ ಮುಂಚೆ ಇದೇ ಗುಡ್ಡದಲ್ಲಿ ಬ್ರಿಟಿಷರ ಕೋಟೆ ಇತ್ತು, ಸ್ವಾತಂತ್ರ್ಯ ಯುದ್ಧದ ಟೈಮಲ್ಲಿ, 1779ರ ಜುಲೈಯಲ್ಲಿ, ಅಮೆರಿಕದ ಜನರಲ್ ಆಂಥನಿ ವೇಯ್ನ್ ಸೈನಿಕರು ಮಧ್ಯರಾತ್ರಿ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸೋ ಚೂರಿ) ಹಿಡಿದು ನುಗ್ಗಿ ಅದನ್ನ ಗೆದ್ದರು. ನದಿ ಮೇಲೆ ಕಣ್ಣಿಡೋಕೆ ಒಳ್ಳೆ ಜಾಗ ಅಂತ ಸೈನ್ಯಕ್ಕೆ ಕಂಡಿದ್ದೇ ಹಡಗಿನವರಿಗೂ ಉಪಯೋಗಕ್ಕೆ ಬಂತು ನೋಡಿ.

ಅಮೆರಿಕದ ನ್ಯಾಷನಲ್ ರಿಜಿಸ್ಟರ್‌ಗೆ, ಅಂದ್ರೆ ಉಳಿಸ್ಕೋಬೇಕಾದ ಐತಿಹಾಸಿಕ ತಾಣಗಳ ಸರ್ಕಾರಿ ಪಟ್ಟಿಗೆ (ಈ ಲೈಟ್‌ಹೌಸ್ ಸೇರಿದ್ದು 1979ರಲ್ಲಿ) ಕಟ್ಟಡ ಸೇರಿಸೋವಾಗ ಮೂಲ ರೂಪ ಎಷ್ಟು ಉಳಿದಿದೆ ಅಂತ ಅಳೆಯೋಕೆ ಏಳು ವಿಷಯ ನೋಡ್ತಾರೆ: ಜಾಗ, ವಿನ್ಯಾಸ, ಸುತ್ತಮುತ್ತ, ಸಾಮಗ್ರಿ, ಕೆಲಸಗಾರಿಕೆ, ಆ ಕಾಲದ ಭಾವ, ಆಮೇಲೆ ಜನರ ಮತ್ತು ಘಟನೆಗಳ ನಂಟು. ನನ್ನ ಪ್ರಕಾರ ಲೈಟ್‌ಹೌಸ್‌ಗೆ ಜಾಗಾನೇ ದೊಡ್ಡದು, ಇದನ್ನ ಬಿಚ್ಚಿ ಮ್ಯೂಸಿಯಂ ಅಂಗಳದಲ್ಲಿ ಕಟ್ಟಿದ್ರೆ ಬರೀ ಕಲ್ಲು ಉಳಿಯುತ್ತೆ. ನಂಟಿಗಂತೂ ಕೊರತೆ ಇಲ್ಲ, ದೀಪ ನೋಡ್ಕೊಳ್ತಿದ್ದ ಗಂಡ 1857ರಲ್ಲಿ ತೀರಿಹೋದ್ಮೇಲೆ ನ್ಯಾನ್ಸಿ ರೋಸ್ ಅನ್ನೋ ಹೆಂಗಸು ಆ ಕೆಲಸ ವಹಿಸ್ಕೊಂಡು ಸುಮಾರು 47 ವರ್ಷ ಮಾಡಿದ್ರು.

ಇನ್ನು ಸಾಮಗ್ರಿ. ಎಡವಟ್ಟಾಗೋದೆಲ್ಲ ಇಲ್ಲೇ. ಹಳೇ ಕಲ್ಲಿನ ಗೋಡೆ ಸಂದುಗಳಲ್ಲಿ ಸುಣ್ಣದ ಗಾರೆ ಇರುತ್ತೆ, ಕಲ್ಲಿಗಿಂತ ಮೆತ್ತಗೆ, ಅದು ಬೇಕಂತಲೇ ಹಾಗೆ, ಗೋಡೆ ಒಳಗೆ ಹೋದ ನೀರು ಆ ಸಂದಿಂದ ಆವಿಯಾಗಿ ಆಚೆ ಬರಬೇಕು. ಗಾರೆ ಉದುರ್ತಿದೆ ಅಂತ ಯಾರೋ ಗಟ್ಟಿಯಾಗಿರ್ಲಿ ಅಂತ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿಬಿಡ್ತಾರೆ, ಅಂದ್ರೆ ಸಂದಿಗೆಲ್ಲ ಸಿಮೆಂಟ್ ತುಂಬಿಸ್ತಾರೆ, ನೀರು ಒಳಗೇ ಸಿಕ್ಕಾಕೊಳ್ಳುತ್ತೆ, ಹಡ್ಸನ್ ಕಡೆ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಕಲ್ಲಿನ ಮುಖಾನೇ ಪದರ ಪದರ ಎಬ್ಬಿಸುತ್ತೆ. ಉದುರಬೇಕಾದ್ದು ಗಾರೆ, ಹತ್ತಿಪ್ಪತ್ತು ವರ್ಷಕ್ಕೋ ಐವತ್ತು ವರ್ಷಕ್ಕೋ ಮತ್ತೆ ತುಂಬಬಹುದು, ಹೋದ ಕಲ್ಲಿನ ಮುಖ ಯಾರು ತಂದುಕೊಡ್ತಾರೆ? ನಮ್ಮೂರುಗಳಲ್ಲಿ ಹಿಮ ಇಲ್ದಿದ್ರೂ ಉಪ್ಪಿನಂಶ ಇದೇ ಕೆಲಸ ಮಾಡುತ್ತೆ, ಸಿಮೆಂಟ್ ಮೆತ್ತಿಸ್ಕೊಂಡ ಹಳೇ ಗುಡಿಗೋಡೆಗಳನ್ನ ಒಮ್ಮೆ ಹತ್ತಿರದಿಂದ ನೋಡಿ. ಪೇಂಟ್ ವಿಷಯಾನೂ ಅಷ್ಟೇ, ನೀರಾವಿ ಆಚೆ ಬಿಡದ ಪ್ಲಾಸ್ಟಿಕ್ ಥರದ್ದು ಬೇಡ.

1925ರಲ್ಲಿ ಈ ದೀಪ ನಿಂತುಹೋಯ್ತು, ಕೆಳಗೆ ದಡದ ಹತ್ರ ಸ್ಟೀಲ್ ಟವರ್ ಮೇಲೆ ತಾನಾಗೇ ಉರಿಯೋ ದೀಪ ಬಂತು. 1986ರಲ್ಲಿ ದುರಸ್ತಿ ಶುರು ಮಾಡಿ 1995ರಲ್ಲಿ ಮತ್ತೆ ಹಚ್ಚಿದ್ರು. ನಾವಿಕರಿಗೆ ಇವತ್ತು ಜಿಪಿಎಸ್ ಇದೆ, ದೀಪ ಯಾಕೆ ಅಂತ ಕೇಳ್ಬಹುದು, ಆದ್ರೆ ಕತ್ತಲಾದ್ಮೇಲೆ ನದಿ ಕಡೆಯಿಂದ ಕಾಣದ ಲೈಟ್‌ಹೌಸ್ ಅರ್ಧ ಸತ್ತ ಹಾಗೇನೇ ಅನ್ನೋದು ನನ್ನ ಅಭಿಪ್ರಾಯ.

ಇದರ ಅದೃಷ್ಟ, ಬಂಡೆ ಮೇಲಿದೆ. ಇದೇ ನದಿಯ ಮೇಲ್ಗಡೆ ಹಡ್ಸನ್-ಅಥೆನ್ಸ್ ಲೈಟ್‌ಹೌಸ್ (1874) ನಡುನೀರಲ್ಲಿದೆ, ಇಟ್ಟಿಗೆ ಮನೆ, ಕೆಳಗೆ ಗ್ರಾನೈಟ್ ಕಟ್ಟೆ, ಅದರ ಒಂದು ತುದಿ ತೇಲಿಬರೋ ಮಂಜುಗಡ್ಡೆ ಸೀಳೋ ಹಾಗೆ ಚೂಪು. ಕಟ್ಟೆ ಕೂತಿರೋದು ಮರದ ಕಂಬಗಳ ಮೇಲೆ, ಅವುಗಳ ಸುತ್ತ ಮಣ್ಣು ಕೊಚ್ಚಿಹೋಗ್ತಿದೆ, 2024ರಲ್ಲಿ ಅಮೆರಿಕದ ಅತಿ ಅಪಾಯದಲ್ಲಿರೋ 11 ಐತಿಹಾಸಿಕ ತಾಣಗಳ ಪಟ್ಟಿಗೂ ಸೇರ್ತು. ಮೇಲಿಂದ ನೋಡಿದ್ರೆ ಮನೆ ಚೆನ್ನಾಗೇ ಇದೆ. ಇಂಥ ಕೆಲಸದಲ್ಲಿ ನನ್ನ ಕೇಳಿದ್ರೆ ಕಿಟಕಿ, ಪೇಂಟು ಎಲ್ಲ ಆಮೇಲೆ, ದುಡ್ಡು ಮೊದಲು ಹೋಗಬೇಕಾದ್ದು ನೀರೊಳಗಿನ ಕಂಬಕ್ಕೆ.